ವಲಸೆ ಕಾನೂನು ಮತ್ತು ಕಾರ್ಯಾಂಗದ ಅಧಿಕಾರ: ಸದನ ಮೌನವಾಗಿದ್ದರೆ ಏನಾಗಬೇಕು?

ಬಸವನಗುಡಿ ಓದುಗ:

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಒಂದು ಘೋಷಣೆಗೆ ಸಹಿ ಹಾಕಿದರು. ಹೊರದೇಶದಲ್ಲಿರುವ ವ್ಯಕ್ತಿಗಾಗಿ ಸಲ್ಲಿಸುವ ಹೊಸ ಎಚ್-1ಬಿ (ಪರಿಣತ ವಿದೇಶಿ ನೌಕರರ ತಾತ್ಕಾಲಿಕ ಕೆಲಸದ ವೀಸಾ) ಅರ್ಜಿಯೊಂದಕ್ಕೆ ಒಂದು ಲಕ್ಷ ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತು ಎರಡೇ ದಿನಗಳಲ್ಲಿ ಜಾರಿಗೆ ಬಂದಿತು. ಅಂದಿನಿಂದ ನಮ್ಮ ಊರಿನ ಕಚೇರಿಗಳಲ್ಲೂ ಮನೆಗಳಲ್ಲೂ ನಡೆದಿರುವ ಮಾತುಕತೆ ಹೆಚ್ಚಾಗಿ ಆ ಮೊತ್ತದ ಬಗ್ಗೆಯೇ ಇದೆ. ಅಷ್ಟು ದೊಡ್ಡ ಮೊತ್ತವನ್ನು ಮತದಾನವಿಲ್ಲದೆ, ಚರ್ಚೆಯಿಲ್ಲದೆ, ಒಬ್ಬರ ಸಹಿಯಿಂದ ವಿಧಿಸಲು ಸಾಧ್ಯವಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಚರ್ಚಿಸಬೇಕೆಂಬುದು ನನ್ನ ಕೋರಿಕೆ.

ಅಮೆರಿಕದ ಸಂವಿಧಾನದ ಮೊದಲ ವಿಧಿಯು ಪೌರತ್ವ ನೀಡಿಕೆಗೆ ಏಕರೂಪದ ನಿಯಮ ರೂಪಿಸುವ ಅಧಿಕಾರವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಕೊಟ್ಟಿದೆ. ವಲಸೆಯ ಇತಿಹಾಸದ ದೊಡ್ಡ ತಿರುವುಗಳೆಲ್ಲ, ಒಳ್ಳೆಯವೂ ಕೆಟ್ಟವೂ, ಕಾಯ್ದೆಗಳ ಮೂಲಕವೇ ಬಂದಿವೆ. 1882ರಲ್ಲಿ ಚೀನೀ ಕಾರ್ಮಿಕರನ್ನು ಹೊರಗಿಟ್ಟದ್ದು, 1917ರಲ್ಲಿ ಭಾರತವೂ ಸೇರಿದಂತೆ ಏಷ್ಯಾದ ದೊಡ್ಡ ಭಾಗಕ್ಕೆ ಬಾಗಿಲು ಮುಚ್ಚಿದ್ದು, 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ ನೂರು ಮಂದಿಯ ಮಿತಿಯಲ್ಲಿ ಅದನ್ನು ತೆರೆದದ್ದು, 1965ರಲ್ಲಿ ಮೂಲ ರಾಷ್ಟ್ರದ ಆಧಾರದ ಕೋಟಾ ಪದ್ಧತಿಯನ್ನು ಕೈಬಿಟ್ಟದ್ದು, 1990ರಲ್ಲಿ ಎಚ್-1ಬಿ ವರ್ಗವನ್ನು ರೂಪಿಸಿ ಅದಕ್ಕೆ 65,000ದ ವಾರ್ಷಿಕ ಮಿತಿ ಹಾಕಿದ್ದು, ಇವೆಲ್ಲವೂ ಶಾಸಕಾಂಗದ ಕೆಲಸಗಳು. ಹಾಗಿದ್ದರೂ ಈಚಿನ ವರ್ಷಗಳಲ್ಲಿ ನಾವು ಓದುವ ವಲಸೆ ಸುದ್ದಿಯಲ್ಲಿ ಅಧ್ಯಕ್ಷರ ಆದೇಶಗಳೂ ನ್ಯಾಯಾಲಯದ ತಡೆಯಾಜ್ಞೆಗಳೂ ಇರುತ್ತವೆಯೇ ಹೊರತು ಶಾಸಕಾಂಗದ ಹೆಸರು ಅಪರೂಪ.

ಇದರ ಬೇರು 1952ರ ಜೂನ್ ತಿಂಗಳಲ್ಲಿದೆ ಎಂದು ನನ್ನ ಅಭಿಪ್ರಾಯ. ಆ ತಿಂಗಳ 2ರಂದು ಅಮೆರಿಕದ ಸುಪ್ರೀಂ ಕೋರ್ಟ್, ಕೊರಿಯಾ ಯುದ್ಧದ ನಡುವೆ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡ ಅಧ್ಯಕ್ಷ ಟ್ರೂಮನ್ ಅವರ ಆದೇಶವನ್ನು ರದ್ದುಪಡಿಸಿ, ಕಾನೂನು ರಚಿಸುವುದು ಅಧ್ಯಕ್ಷರ ಕೆಲಸವಲ್ಲವೆಂದು ಹೇಳಿತು. ಅದೇ ತಿಂಗಳ 27ರಂದು ಕಾಂಗ್ರೆಸ್, ಅದೇ ಟ್ರೂಮನ್ ಅವರ ವೀಟೊವನ್ನು ಮೂರನೇ ಎರಡರಷ್ಟು ಬಹುಮತದಿಂದ ಮೀರಿ, ವಲಸೆ ಮತ್ತು ರಾಷ್ಟ್ರೀಯತಾ ಕಾಯ್ದೆಯನ್ನು ಅಂಗೀಕರಿಸಿತು. ದೇಶದ ಹಿತಕ್ಕೆ ಹಾನಿಕರವೆಂದು ಅಧ್ಯಕ್ಷರಿಗೆ ಕಂಡುಬಂದರೆ ಯಾವುದೇ ವರ್ಗದ ವಿದೇಶೀಯರ ಪ್ರವೇಶವನ್ನು ತಮಗೆ ಅಗತ್ಯವೆನಿಸಿದಷ್ಟು ಕಾಲ ತಡೆಯಬಹುದು, ಅಥವಾ ತಮಗೆ ಸೂಕ್ತವೆನಿಸಿದ ನಿರ್ಬಂಧ ಹಾಕಬಹುದು ಎಂಬ ಉಪವಿಧಿ, 212(ಎಫ್), ಆ ಕಾಯ್ದೆಯಲ್ಲೇ ಇದೆ. ಅಧ್ಯಕ್ಷರನ್ನು ಸೋಲಿಸಿ ತಂದ ಕಾಯ್ದೆಯೊಳಗೇ ಮುಂದಿನ ಎಲ್ಲ ಅಧ್ಯಕ್ಷರಿಗೆ ಇಷ್ಟು ವಿಶಾಲವಾದ ಅಧಿಕಾರವನ್ನು ಶಾಸಕಾಂಗ ತಾನಾಗಿ ಬರೆದುಕೊಟ್ಟಿತು. 2018ರಲ್ಲಿ ಕೆಲವು ದೇಶಗಳ ಪ್ರಜೆಗಳ ಪ್ರವೇಶ ನಿಷೇಧವನ್ನು ಸುಪ್ರೀಂ ಕೋರ್ಟ್ 5–4ರಲ್ಲಿ ಎತ್ತಿಹಿಡಿದದ್ದು ಈ ಉಪವಿಧಿಯ ಬಲದಿಂದಲೇ. ಒಂದು ಲಕ್ಷ ಡಾಲರ್ ಘೋಷಣೆಗೂ ಅದೇ ಆಧಾರ.

ಹಾಗಾದರೆ ಅಧಿಕಾರವನ್ನು ಕೊಟ್ಟ ಸದನ ಅದನ್ನು ಹಿಂತೆಗೆದುಕೊಳ್ಳಬಲ್ಲುದೇ? ನಮ್ಮ ಸಂಸತ್ತಿನ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆಯೇ? ಬಲ್ಲವರು ಬರೆಯಬೇಕೆಂದು ವಿನಂತಿ.

ವೈಟ್‌ಫೀಲ್ಡ್ ತಂತ್ರಜ್ಞ:

ಓದುಗ ಸರ್, ತಾವು ಎತ್ತಿದ ಪ್ರಶ್ನೆ ಸರಿಯಾದದ್ದೇ. ಆದರೆ ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತ ಕುಟುಂಬದ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ನನ್ನ ಅಕ್ಕ ಮತ್ತು ಭಾವ ಅಲ್ಲಿದ್ದಾರೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳ ಸಂಖ್ಯೆ 1990ರ ಕಾಯ್ದೆಯಲ್ಲಿ ವರ್ಷಕ್ಕೆ 1,40,000 ಎಂದು ನಿಗದಿಯಾಗಿ ಇಂದಿಗೂ ಅಲ್ಲೇ ನಿಂತಿದೆ. ಹೆಂಡತಿ ಮಕ್ಕಳನ್ನೂ ಅದರೊಳಗೇ ಎಣಿಸುತ್ತಾರೆ, ಯಾವುದೇ ಒಂದು ದೇಶಕ್ಕೆ ಶೇಕಡಾ 7ರ ಮಿತಿಯೂ ಇದೆ. ಇದರಿಂದಾಗಿ 2025ರಲ್ಲೂ ಭಾರತೀಯರ ಎರಡನೇ ವರ್ಗದಲ್ಲಿ (ಉನ್ನತ ಪದವಿ ಪಡೆದ ವೃತ್ತಿಪರರ ವರ್ಗ) 2013ರ ಆಸುಪಾಸಿನ ಅರ್ಜಿಗಳೇ ವಿಲೇವಾರಿಯಾಗುತ್ತಿದ್ದವು. ಚಿಕ್ಕಂದಿನಲ್ಲಿ ಅಲ್ಲಿಗೆ ಹೋದ ಮಕ್ಕಳಿಗೆ ಇಪ್ಪತ್ತೊಂದು ತುಂಬಿದ ಕೂಡಲೇ ತಂದೆತಾಯಿಯ ಅರ್ಜಿಯ ಆಸರೆ ತಪ್ಪಿಹೋಗುತ್ತದೆ.

ಇದನ್ನು ಸರಿಪಡಿಸಬೇಕಾದವರು ಶಾಸಕರೇ ಅಲ್ಲವೇ? ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2011ರಲ್ಲಿ ಕಾಂಗ್ರೆಸ್‌ನ ಕೆಳಮನೆಯಾದ ಜನಪ್ರತಿನಿಧಿ ಸಭೆಯಲ್ಲಿ 389–15 ಮತಗಳಿಂದ ಅಂಗೀಕಾರವಾಯಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ನಿಂತುಹೋಯಿತು. 2019ರ ಜುಲೈನಲ್ಲಿ ಮತ್ತೆ 365–65ರಿಂದ ಅಂಗೀಕಾರವಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ತಿದ್ದುಪಡಿಗಳೊಂದಿಗೆ ಸರ್ವಾನುಮತದಿಂದ ಒಪ್ಪಿತು. ಆದರೆ ಎರಡೂ ರೂಪಗಳನ್ನು ಹೊಂದಿಸುವ ಮೊದಲೇ ಆ ಕಾಂಗ್ರೆಸ್‌ನ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಎರಡೂ ಸದನಗಳು ತತ್ತ್ವಶಃ ಒಪ್ಪಿದ ವಿಷಯವೊಂದು ಕಾನೂನಾಗಲಿಲ್ಲ.

ಇನ್ನೊಂದೆಡೆ, ನನ್ನ ಅಕ್ಕನಿಗೆ ಕೆಲಸ ಮಾಡುವ ಅನುಮತಿ ಸಿಕ್ಕಿದ್ದು 2015ರಲ್ಲಿ ಕಾರ್ಯಾಂಗ ಹೊರಡಿಸಿದ ಒಂದು ನಿಯಮದಿಂದ. ಎಚ್-4 ವೀಸಾದ ಮೇಲಿರುವ, ಅಂದರೆ ಎಚ್-1ಬಿ ನೌಕರರ, ಸಂಗಾತಿಗಳಿಗೆ ಉದ್ಯೋಗದ ಅವಕಾಶ ಕೊಟ್ಟದ್ದು ಕಾಂಗ್ರೆಸ್ ಅಲ್ಲ. ಕಷ್ಟದಲ್ಲಿದ್ದಾಗ ಕೈಹಿಡಿದದ್ದು ಕಾರ್ಯಾಂಗ ಎಂದು ಆಕೆಯಂಥವರು ಹೇಳಿದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹನುಮಂತನಗರ ವಕೀಲೆ:

ತಂತ್ರಜ್ಞರೇ, ನಿಮ್ಮ ಅಕ್ಕನವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅನುಮತಿ ಮುಂದಿನ ವರ್ಷಗಳಲ್ಲಿ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ನೋಡಬೇಕಾಗುತ್ತದೆ. 2017ರಲ್ಲಿ ಬಂದ ಸರ್ಕಾರ ಆ ನಿಯಮವನ್ನೇ ರದ್ದುಪಡಿಸುವುದಾಗಿ ಪ್ರಕಟಿಸಿತು, ವರ್ಷಗಟ್ಟಲೆ ಸಾವಿರಾರು ಕುಟುಂಬಗಳು ಅದೇ ಆತಂಕದಲ್ಲಿ ಬದುಕಿದವು, 2021ರಲ್ಲಿ ಆ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಲಾಯಿತು. ನಿಯಮವನ್ನು ಪ್ರಶ್ನಿಸಿ 2015ರಲ್ಲೇ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2024ರ ಆಗಸ್ಟ್‌ನಲ್ಲಿ. ಕಾಂಗ್ರೆಸ್ ಒಂದೇ ಒಂದು ವಾಕ್ಯವನ್ನು ಕಾಯ್ದೆಯಲ್ಲಿ ಸೇರಿಸಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಬಾಲ್ಯದಲ್ಲಿ ದಾಖಲೆಯಿಲ್ಲದೆ ಬಂದವರ ವಿಷಯದಲ್ಲೂ ಹೀಗೆಯೇ ಆಯಿತು. ಅವರಿಗಾಗಿ ತಂದ ಡ್ರೀಮ್ ಮಸೂದೆ 2010ರ ಡಿಸೆಂಬರ್‌ನಲ್ಲಿ ಜನಪ್ರತಿನಿಧಿ ಸಭೆಯನ್ನು ದಾಟಿ, ಸೆನೆಟ್‌ನಲ್ಲಿ 55–41 ಮತ ಪಡೆದೂ ಬಿದ್ದಿತು, ಏಕೆಂದರೆ ಅಲ್ಲಿ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. 2012ರಲ್ಲಿ ಅಧ್ಯಕ್ಷ ಒಬಾಮ ಅವರ ಆಡಳಿತ, ಇಂಥವರ ಗಡೀಪಾರನ್ನು ಮುಂದೂಡುವ ಡಾಕಾ (ಡಿಎಸಿಎ) ಯೋಜನೆಯನ್ನು ತಂದಿತು, ವರ್ಷಗಳಲ್ಲಿ ಸುಮಾರು ಎಂಟು ಲಕ್ಷ ಯುವಜನರಿಗೆ ಅದರಿಂದ ರಕ್ಷಣೆ ಸಿಕ್ಕಿತು. 2017ರಲ್ಲಿ ಮುಂದಿನ ಸರ್ಕಾರ ಅದನ್ನು ಕೊನೆಗಾಣಿಸಹೊರಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು ರದ್ದತಿಯ ವಿಧಾನ ಸರಿಯಿಲ್ಲವೆಂಬ ಕಾರಣಕ್ಕೆ; ರದ್ದುಪಡಿಸುವ ಅಧಿಕಾರವೇ ಇಲ್ಲವೆಂದು ಅದು ಹೇಳಲಿಲ್ಲ. ಆ ಯುವಜನರಿಗೆ ಈಗ ಮಧ್ಯವಯಸ್ಸು ಸಮೀಪಿಸುತ್ತಿದೆ, ಅವರ ಸ್ಥಾನಮಾನ ಇಂದಿಗೂ ಗಟ್ಟಿಯಾಗಿಲ್ಲ.

ಇನ್ನು ಓದುಗ ಸರ್ ಕೇಳಿದ ಪ್ರಶ್ನೆ: ಕೊಟ್ಟ ಅಧಿಕಾರವನ್ನು ಸದನ ಹಿಂತೆಗೆದುಕೊಳ್ಳಬಲ್ಲುದೇ? ಇದಕ್ಕೆ ಉತ್ತರವಾಗಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬರ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜಗದೀಶ್ ರಾಯ್ ಚಡ್ಡಾ ಕೀನ್ಯಾದಲ್ಲಿ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಅಮೆರಿಕಕ್ಕೆ ಓದಲು ಬಂದವರು. ವೀಸಾ ಅವಧಿ ಮುಗಿದ ಮೇಲೆ ಗಡೀಪಾರಿನ ವಿಚಾರಣೆ ನಡೆದು, ವಲಸೆ ನ್ಯಾಯಾಧೀಶರು ಅವರ ಗಡೀಪಾರನ್ನು ಅಮಾನತಿನಲ್ಲಿಟ್ಟರು. ಆದರೆ ಆಗಿನ ಕಾಯ್ದೆಯಲ್ಲಿ, ಕಾರ್ಯಾಂಗದ ಇಂಥ ನಿರ್ಧಾರವನ್ನು ಕಾಂಗ್ರೆಸ್‌ನ ಯಾವುದಾದರೂ ಒಂದು ಸದನ ಒಂದು ನಿರ್ಣಯದ ಮೂಲಕ ತಳ್ಳಿಹಾಕಬಹುದಿತ್ತು. 1975ರ ಡಿಸೆಂಬರ್‌ನಲ್ಲಿ ಜನಪ್ರತಿನಿಧಿ ಸಭೆ 340 ಹೆಸರುಗಳ ಪಟ್ಟಿಯಿಂದ ಆರನ್ನು ಆರಿಸಿ ತಳ್ಳಿಹಾಕಿತು, ಆ ಆರರಲ್ಲಿ ಚಡ್ಡಾ ಒಬ್ಬರು. ಅವರು ನ್ಯಾಯಾಲಯಕ್ಕೆ ಹೋದರು. 1983ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ, ಎರಡೂ ಸದನಗಳ ಅಂಗೀಕಾರ ಮತ್ತು ಅಧ್ಯಕ್ಷರ ಸಹಿಯಿಲ್ಲದೆ ಸದನವೊಂದು ಹೀಗೆ ಕಾನೂನಿನ ಪರಿಣಾಮ ಉಂಟುಮಾಡುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು.

ಚಡ್ಡಾ ಅವರಿಗೆ ನ್ಯಾಯ ಸಿಕ್ಕಿತು, ಅದರ ಬಗ್ಗೆ ನನಗೆ ಸಂತೋಷವೇ ಇದೆ. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಕಾರಣ ಹೇಳದೆ ಒಂದು ಸದನ ನಿರ್ಧರಿಸುವುದು ಯಾವ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ. ಆದರೆ ಆ ತೀರ್ಪಿನ ಭಾರ ಅವರೊಬ್ಬರ ಪ್ರಕರಣಕ್ಕೆ ನಿಲ್ಲಲಿಲ್ಲ. ಭಿನ್ನಮತದ ನ್ಯಾಯಮೂರ್ತಿ ವೈಟ್ ಅವರು ಗುರುತಿಸಿದಂತೆ, ಸುಮಾರು ಇನ್ನೂರು ಕಾಯ್ದೆಗಳಲ್ಲಿ ಇದ್ದ ಇದೇ ಬಗೆಯ ನಿಯಂತ್ರಣಗಳು ಒಟ್ಟಿಗೇ ನೆಲಕ್ಕುರುಳಿದವು. ಅಂದಿನಿಂದ ಅಧ್ಯಕ್ಷರಿಗೆ ಕೊಟ್ಟ ಅಧಿಕಾರವನ್ನು ತಡೆಯಬೇಕಾದರೆ ಕಾಂಗ್ರೆಸ್ ಹೊಸ ಕಾನೂನನ್ನೇ ಮಾಡಬೇಕು, ಆ ಕಾನೂನಿಗೆ ಅದೇ ಅಧ್ಯಕ್ಷರು ವೀಟೊ ಹಾಕಬಹುದು, ವೀಟೊವನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು.

ಇದರ ಪರಿಣಾಮವನ್ನು 2019ರಲ್ಲಿ ಕಣ್ಣಾರೆ ಕಂಡೆವು. ಮೆಕ್ಸಿಕೊ ಗಡಿಯ ಗೋಡೆಗೆ ಕೇಳಿದಷ್ಟು ಹಣವನ್ನು ಕಾಂಗ್ರೆಸ್ ಕೊಡದಿದ್ದಾಗ ಸರ್ಕಾರದ ಒಂದು ಭಾಗ 35 ದಿನ ಸ್ಥಗಿತವಾಯಿತು. ನಂತರ ಅಧ್ಯಕ್ಷರು ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿ ಬೇರೆ ಬಾಬತ್ತಿನ ಹಣವನ್ನು ಗೋಡೆಗೆ ತಿರುಗಿಸಿದರು. ಅದನ್ನು ಕೊನೆಗಾಣಿಸುವ ನಿರ್ಣಯ ಜನಪ್ರತಿನಿಧಿ ಸಭೆಯಲ್ಲಿ 245–182ರಿಂದಲೂ, ಅಧ್ಯಕ್ಷರದ್ದೇ ಪಕ್ಷದ ಬಹುಮತವಿದ್ದ ಸೆನೆಟ್‌ನಲ್ಲಿ 59–41ರಿಂದಲೂ ಅಂಗೀಕಾರವಾಯಿತು. ಅಧ್ಯಕ್ಷರು ವೀಟೊ ಹಾಕಿದರು. ವೀಟೊ ಮೀರುವ ಪ್ರಯತ್ನದಲ್ಲಿ ಸಿಕ್ಕಿದ್ದು 248–181, ಅದು ಮೂರನೇ ಎರಡರಷ್ಟಾಗಲಿಲ್ಲ. ಎರಡೂ ಸದನಗಳ ಸ್ಪಷ್ಟ ಬಹುಮತ ಬೇಡವೆಂದ ತುರ್ತುಸ್ಥಿತಿ ಮುಂದುವರಿಯಿತು.

ಯಲಹಂಕ ಉದ್ಯಮಿ:

ವಕೀಲ ಮೇಡಂ ವಿವರಿಸಿದ ಇತಿಹಾಸವನ್ನು ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ದೇಶದ ಬಾಗಿಲಲ್ಲಿ ಯಾರು ಒಳಬರಬೇಕು ಎಂಬುದು ಭದ್ರತೆಯ ಪ್ರಶ್ನೆಯೂ ಹೌದು. ಸಾಂಕ್ರಾಮಿಕ ರೋಗ ಹರಡುವಾಗ, ನೆರೆಯ ದೇಶದಲ್ಲಿ ಯುದ್ಧ ನಡೆಯುವಾಗ, ನೂರಾರು ಮಂದಿಯ ಸದನ ಸೇರಿ ಮಸೂದೆ ಓದಿ ಮುಗಿಸುವವರೆಗೆ ಕಾಯಲು ಆಗುವುದಿಲ್ಲ.

ಎರಡನೆಯದಾಗಿ, ಶಾಸಕಾಂಗ ನಿರ್ಧರಿಸಿದರೆ ನಮ್ಮ ಊರಿಗೆ ಒಳಿತಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. 2010ರ ಆಗಸ್ಟ್‌ನಲ್ಲಿ ಗಡಿ ಭದ್ರತೆಗೆ ಹಣ ಹೊಂದಿಸಲು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಚ್-1ಬಿ ಅಥವಾ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ) ವೀಸಾದವರಾಗಿರುವ ಕಂಪನಿಗಳ ಮೇಲೆ ಎಚ್-1ಬಿ ಅರ್ಜಿಯೊಂದಕ್ಕೆ 2,000 ಡಾಲರ್ ಹೆಚ್ಚುವರಿ ಶುಲ್ಕ ಹಾಕಿದ್ದು ಕಾಂಗ್ರೆಸ್. 2015ರ ಡಿಸೆಂಬರ್‌ನಲ್ಲಿ ಅದನ್ನು 4,000ಕ್ಕೆ ಏರಿಸಿದ್ದೂ ಕಾಂಗ್ರೆಸ್. ಆ ಹೊಡೆತ ಬಿದ್ದದ್ದು ಹೆಚ್ಚಾಗಿ ಭಾರತದ ಐಟಿ ಸೇವಾ ಕಂಪನಿಗಳ ಮೇಲೆ. 2025ರ ಜುಲೈನಲ್ಲಿ ವಲಸೆ ಜಾರಿ ಮತ್ತು ಗಡಿ ಕೆಲಸಕ್ಕೆ ಸುಮಾರು 17,000 ಕೋಟಿ ಡಾಲರ್ ಕೊಟ್ಟದ್ದೂ ಅದೇ ಸದನ. ಹೀಗಿರುವಾಗ ಕಾರ್ಯಾಂಗ ಒಂದು ಕಡೆ, ಶಾಸಕಾಂಗ ಇನ್ನೊಂದು ಕಡೆ ಎಂಬ ಚಿತ್ರ ವಾಸ್ತವಕ್ಕೆ ಹೊಂದುವುದಿಲ್ಲ.

ಬನಶಂಕರಿ ಉಪನ್ಯಾಸಕಿ:

ಉದ್ಯಮಿಯವರು ಹೇಳಿದ 2010ರ ಉದಾಹರಣೆ ನನಗೆ ಅವರ ವಾದದ ವಿರುದ್ಧವೇ ಕಾಣುತ್ತದೆ. ಆ ಶುಲ್ಕ ಎಷ್ಟು, ಯಾರಿಗೆ, ಯಾವ ವರ್ಷದವರೆಗೆ, ಆ ಹಣ ಯಾವುದಕ್ಕೆ ಎಂಬುದೆಲ್ಲ ಕಾಯ್ದೆಯ ಪಠ್ಯದಲ್ಲಿತ್ತು. ಅದನ್ನು ಅನ್ಯಾಯವೆಂದು ಕರೆದವರಿಗೆ ಎದುರಿಗೆ ಒಂದು ಪಠ್ಯವಿತ್ತು, ಅದಕ್ಕೆ ಹೊಣೆಗಾರರಾದ ಸದಸ್ಯರಿದ್ದರು. ಶಾಸಕಾಂಗ ನಮಗೆ ಅನುಕೂಲ ಮಾಡಿಕೊಡುತ್ತದೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲವೆಂದು ಭಾವಿಸುತ್ತೇನೆ. ಮಾತಿರುವುದು ಮುಂಚಿತವಾಗಿ ತಿಳಿಯುವ, ಬದಲಾಯಿಸಬಹುದಾದ ನಿಯಮದ ಬಗ್ಗೆ.

2025ರ ಜುಲೈನ ಅನುದಾನದ ವಿಷಯ ಮಾತ್ರ ನಿಜಕ್ಕೂ ಕಳವಳಕಾರಿ. ಸೆನೆಟ್‌ನಲ್ಲಿ 50–50 ಆಗಿ ಉಪಾಧ್ಯಕ್ಷರ ಮತದಿಂದ ಅದು ಪಾರಾಯಿತು. ಅದಕ್ಕಿಂತ ಮುಖ್ಯವಾಗಿ, ಅದರ ದೊಡ್ಡ ಭಾಗ 2029ರ ಸೆಪ್ಟೆಂಬರ್‌ವರೆಗೆ ಬಳಸಬಹುದಾದ ಹಣ. ಪ್ರತಿವರ್ಷ ಅನುದಾನ ಕೇಳಲು ಬರುವ ಇಲಾಖೆಯನ್ನು ಪ್ರಶ್ನಿಸುವುದು ಶಾಸಕಾಂಗದ ಬಳಿಯಿರುವ ಅತ್ಯಂತ ಹಳೆಯ ಅಸ್ತ್ರ. ನಾಲ್ಕು ವರ್ಷದ ಹಣವನ್ನು ಒಮ್ಮೆಲೇ ಕೊಟ್ಟುಬಿಟ್ಟರೆ ಆ ಅಸ್ತ್ರವನ್ನು ಅಷ್ಟರ ಮಟ್ಟಿಗೆ ತಾನೇ ಕೆಳಗಿಟ್ಟಂತೆ ಆಗುತ್ತದೆ.

ಸಚಿವಾಲಯ ನಿವೃತ್ತ:

ಶಾಸಕಾಂಗದ ಸಚಿವಾಲಯದಲ್ಲಿ, ವಿಶೇಷವಾಗಿ ಸಮಿತಿಗಳ ಶಾಖೆಯಲ್ಲಿ ಸೇವೆ ಸಲ್ಲಿಸಿದವನಾಗಿ, ನಮ್ಮ ದೇಶದ ಮಾತನ್ನು ಇಲ್ಲಿ ಸೇರಿಸಲು ಇಚ್ಛಿಸುತ್ತೇನೆ. ಅಮೆರಿಕದ ಬಗ್ಗೆ ಇಷ್ಟು ಕಾಳಜಿಯಿಂದ ಮಾತನಾಡುವ ನಾವು, ನಮ್ಮ ಸಂಸತ್ತು 2025ರಲ್ಲಿ ಇಡೀ ವಲಸೆ ಕಾನೂನನ್ನೇ ಹೊಸದಾಗಿ ಬರೆದದ್ದನ್ನು ಹೆಚ್ಚು ಚರ್ಚಿಸಲಿಲ್ಲವೆಂಬುದು ನನಗೆ ಖೇದ ತರುತ್ತದೆ. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶೀಯರ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು ಮಾರ್ಚ್ 11ರಂದು, ಅಂಗೀಕಾರವಾದದ್ದು ಮಾರ್ಚ್ 27ರಂದು, ರಾಜ್ಯಸಭೆಯಲ್ಲಿ ಏಪ್ರಿಲ್ 2ರಂದು. ಸಮಿತಿಗೆ ಒಪ್ಪಿಸಬೇಕೆಂಬ ವಿರೋಧ ಪಕ್ಷಗಳ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ವಸಾಹತು ಕಾಲದ ಕಾಯ್ದೆಗಳನ್ನು ಬದಲಿಸಬೇಕಾದದ್ದು ಅಗತ್ಯವಿತ್ತು, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಒಂದು ಶತಮಾನದ ಕಾನೂನಿನ ಮರುರಚನೆಗೆ ಹದಿನಾರು ದಿನ ಸಾಲದು. 15ನೇ ಲೋಕಸಭೆಯಲ್ಲಿ ಶೇಕಡಾ 71ರಷ್ಟು ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಆ ಪ್ರಮಾಣ ಶೇಕಡಾ 16ಕ್ಕೆ ಇಳಿದಿತ್ತು.

ಸಮಿತಿಯ ಕೋಣೆಯಲ್ಲಿ ಏನು ನಡೆಯುತ್ತದೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಸದನದಲ್ಲಿ ಪಕ್ಷದ ವಿಪ್‌ಗೆ ಬದ್ಧರಾಗಿ ಮತ ಹಾಕುವ ಸದಸ್ಯರೇ ಅಲ್ಲಿ ಅಧಿಕಾರಿಯನ್ನು ಕೂರಿಸಿಕೊಂಡು, ಈ ಖಂಡದಲ್ಲಿ ಈ ಪದ ಏಕೆ, ಈ ಅಧಿಕಾರಕ್ಕೆ ಮೇಲ್ಮನವಿ ಎಲ್ಲಿ ಎಂದು ಕೇಳುತ್ತಾರೆ. ಆಡಳಿತ ಪಕ್ಷದವರೂ ಕೇಳುತ್ತಾರೆ. 1985ರ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ನಂತರ ನಮ್ಮಲ್ಲಿ ಸದಸ್ಯನೊಬ್ಬ ತನ್ನ ಮನಸ್ಸಿನ ಮಾತನ್ನು ಅಷ್ಟಾದರೂ ಬಿಚ್ಚಿ ಆಡಬಹುದಾದ ಜಾಗ ಸಮಿತಿಯೇ. ಅಮೆರಿಕದಲ್ಲಿ 2019ರಂತೆ ಅಧ್ಯಕ್ಷರ ಪಕ್ಷದವರೇ ಹನ್ನೆರಡು ಮಂದಿ ಸೆನೆಟರುಗಳು ಅಧ್ಯಕ್ಷರ ವಿರುದ್ಧ ಮತ ಹಾಕುವುದು ನಮ್ಮ ವ್ಯವಸ್ಥೆಯಲ್ಲಿ ಸದಸ್ಯತ್ವವನ್ನೇ ಪಣಕ್ಕಿಟ್ಟಂತೆ.

ಅಧೀನ ಶಾಸನದ, ಅಂದರೆ ಕಾಯ್ದೆಯ ಅಡಿಯಲ್ಲಿ ಕಾರ್ಯಾಂಗ ರೂಪಿಸುವ ನಿಯಮಗಳ, ಕಥೆ ಇನ್ನೂ ಗಂಭೀರ. ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2019ರ ಡಿಸೆಂಬರ್‌ನಲ್ಲಿ, ಅದರ ನಿಯಮಗಳು ಹೊರಬಂದದ್ದು 2024ರ ಮಾರ್ಚ್ 11ರಂದು. ಆರು ತಿಂಗಳೊಳಗೆ ನಿಯಮ ರೂಪಿಸಬೇಕೆಂಬ ಸಂಸದೀಯ ಕಾರ್ಯದ ಕೈಪಿಡಿಯ ಸೂಚನೆಯಿದ್ದರೂ ಗೃಹ ಸಚಿವಾಲಯ ಎರಡೂ ಸದನಗಳ ಅಧೀನ ಶಾಸನ ಸಮಿತಿಗಳಿಂದ ಮತ್ತೆ ಮತ್ತೆ ಕಾಲಾವಕಾಶ ಪಡೆಯಿತು. ಆ ಕಾಯ್ದೆಯನ್ನು ಬೆಂಬಲಿಸುವವರೂ ವಿರೋಧಿಸುವವರೂ ಇಲ್ಲಿ ಇರಬಹುದು. ಸಂಸತ್ತು ಮಾಡಿದ ಕಾನೂನು ನಾಲ್ಕು ವರ್ಷ ಕಾರ್ಯಾಂಗದ ಕಡತದಲ್ಲಿ ಕಾಯಬೇಕಾಯಿತೆಂಬುದು ಇಬ್ಬರಿಗೂ ಚಿಂತೆಯ ವಿಷಯ. ಅದೇ ರೀತಿ, ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಘಾನಿಸ್ತಾನದಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರ ಪ್ರವೇಶಕ್ಕೆ ಆ ಕಾಯ್ದೆಯಲ್ಲಿ ಸಂಸತ್ತು ಇಟ್ಟ ಕೊನೆಯ ದಿನಾಂಕ 2014ರ ಡಿಸೆಂಬರ್ 31. 2025ರ ಸೆಪ್ಟೆಂಬರ್ 1ರ ವಿನಾಯಿತಿ ಆದೇಶದಲ್ಲಿ ಕಾರ್ಯಾಂಗ, ಅದೇ ಮೂರು ದೇಶಗಳ ಅದೇ ಸಮುದಾಯಗಳಿಗೆ ಪಾಸ್‌ಪೋರ್ಟ್ ಮತ್ತು ವೀಸಾ ನಿಯಮದಿಂದ ಕೊಟ್ಟ ರಿಯಾಯಿತಿಗೆ ಇಟ್ಟ ದಿನಾಂಕ 2024ರ ಡಿಸೆಂಬರ್ 31. ಆ ಆದೇಶ ಪೌರತ್ವ ಕೊಡುವುದಿಲ್ಲ ಎಂಬುದು ನಿಜ. ಆದರೂ ಹತ್ತು ವರ್ಷದ ಈ ಅಂತರದ ಬಗ್ಗೆ ಸದನ ಮೊದಲು ಚರ್ಚಿಸಿದ್ದರೆ ಅದು ಶಾಸಕಾಂಗಕ್ಕೆ ಸಲ್ಲಬೇಕಾದ ಗೌರವವಾಗುತ್ತಿತ್ತು.

ವೈಟ್‌ಫೀಲ್ಡ್ ತಂತ್ರಜ್ಞ:

ಹಿರಿಯರು ಹೇಳಿದ್ದು ನನಗೆ ಹೊಸ ವಿಷಯ, ವಂದನೆಗಳು. ಆದರೆ ವಿದೇಶೀಯರ ಕಾನೂನು ಭಾರತದ ಸಾಮಾನ್ಯ ನಾಗರಿಕನನ್ನು, ಅದರಲ್ಲೂ ಕರ್ನಾಟಕದವರನ್ನು ಯಾವ ರೀತಿ ಮುಟ್ಟುತ್ತದೆ? ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶೀಯರ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವವರು ನಮ್ಮವರಲ್ಲವಲ್ಲ?

ಹನುಮಂತನಗರ ವಕೀಲೆ:

ಎರಡು ಉದಾಹರಣೆ ಕೊಡುತ್ತೇನೆ. ನಿಮ್ಮ ಜೇಬಿನಲ್ಲಿರುವ ಪಾಸ್‌ಪೋರ್ಟ್ ಮೊದಲನೆಯದು. 1967ರವರೆಗೆ ಭಾರತದಲ್ಲಿ ಪಾಸ್‌ಪೋರ್ಟ್ ಯಾರಿಗೆ ಕೊಡಬೇಕು, ಯಾರಿಗೆ ನಿರಾಕರಿಸಬೇಕು ಎಂಬುದನ್ನು ಹೇಳುವ ಕಾನೂನೇ ಇರಲಿಲ್ಲ. ಅದು ಸರ್ಕಾರದ ಇಚ್ಛೆಗೆ ಬಿಟ್ಟದ್ದಾಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಅದನ್ನು ಕಾರ್ಯಾಂಗ ತಡೆಯುವಂತಿಲ್ಲ ಎಂದು ಆ ವರ್ಷದ ಏಪ್ರಿಲ್‌ನಲ್ಲಿ ಬಹುಮತದಿಂದ ಹೇಳಿತು. ಜೂನ್ ತಿಂಗಳೊಳಗೆ ಪಾಸ್‌ಪೋರ್ಟ್ ಕಾಯ್ದೆ ಬಂದಿತು. ಇಂದು ಪಾಸ್‌ಪೋರ್ಟ್ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು ಎನ್ನುವುದೆಲ್ಲ ಆ ಕಾಯ್ದೆಯ ಫಲ. ಸಂಸತ್ತು ಮನಸ್ಸು ಮಾಡಿದರೆ ಎರಡೂವರೆ ತಿಂಗಳಲ್ಲಿ ಕಾನೂನು ಆಗುತ್ತದೆ, ಉದ್ಯಮಿಯವರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಎರಡನೆಯದು ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ನರದ್ದು. ನಮ್ಮಲ್ಲಿ ನಿರಾಶ್ರಿತರ ಕುರಿತು ಪ್ರತ್ಯೇಕ ಕಾನೂನಿಲ್ಲ. 1960ರ ದಶಕದಿಂದ ನಮ್ಮ ರಾಜ್ಯದ ಕಾಡಂಚನ್ನು ಹಸನುಮಾಡಿ ಜೋಳ ಬೆಳೆದ ಆ ಜನ ಇಂದಿಗೂ ಹೆಚ್ಚಾಗಿ ಕಾರ್ಯಾಂಗದ ಆದೇಶ, ನೋಂದಣಿ ಪತ್ರ ಮತ್ತು ಅದರ ನವೀಕರಣದ ಮೇಲೆಯೇ ಬದುಕುತ್ತಿದ್ದಾರೆ. ಆದರೆ ಪೌರತ್ವ ಕಾಯ್ದೆಯಲ್ಲಿ ಸಂಸತ್ತು ಬರೆದ ಒಂದು ವಾಕ್ಯವಿದೆ: 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಹಾಗೆ ಹುಟ್ಟಿದ ಟಿಬೆಟನ್ನರನ್ನು ಅಧಿಕಾರಿಗಳು ಪೌರರೆಂದು ಒಪ್ಪುತ್ತಿರಲಿಲ್ಲ. 2013ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಕಾಯ್ದೆಯ ಆ ವಾಕ್ಯ ಇರುವವರೆಗೆ ಕಾರ್ಯಾಂಗದ ನೀತಿ ಅದಕ್ಕೆ ಅಡ್ಡ ಬರುವಂತಿಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ಕಾಯ್ದೆಯ ಆಸರೆ ಸಿಕ್ಕ ಅಣ್ಣ ಪೌರನಾಗುತ್ತಾನೆ, ಆದೇಶದ ಆಸರೆಯಲ್ಲಿರುವ ತಮ್ಮ ನವೀಕರಣಕ್ಕಾಗಿ ಕಾಯುತ್ತಾನೆ. ನಿಮ್ಮ ಅಕ್ಕನವರ ಎಚ್-4 ಅನುಮತಿಗೂ ಆ ತಮ್ಮನ ನೋಂದಣಿ ಪತ್ರಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಯಲಹಂಕ ಉದ್ಯಮಿ:

ಮೇಡಂ, ಈ ಉದಾಹರಣೆಗಳ ತೂಕವನ್ನು ಒಪ್ಪುತ್ತೇನೆ. ಆದರೂ ನನ್ನ ಮೂಲ ಸಂದೇಹ ಉಳಿದಿದೆ. 17ನೇ ಲೋಕಸಭೆ ವರ್ಷಕ್ಕೆ ಸರಾಸರಿ 55 ದಿನ ಸೇರಿತ್ತು. ಉಳಿದ ಮುನ್ನೂರು ದಿನ ದೇಶದ ಗಡಿಯನ್ನು ನೋಡಿಕೊಳ್ಳುವವರು ಯಾರು? ತುರ್ತಿನ ಅಧಿಕಾರ ಕಾರ್ಯಾಂಗದ ಬಳಿ ಇರಲೇಬೇಕು. ಅದಿಲ್ಲದಂತೆ ಮಾಡಬೇಕೆಂದು ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ.

ಬಸವನಗುಡಿ ಓದುಗ:

ಉದ್ಯಮಿಯವರ ಈ ಮಾತನ್ನು ನಾನೂ ಒಪ್ಪುತ್ತೇನೆ. ತುರ್ತಿನ ಅಧಿಕಾರ ಬೇಕು. ಚರ್ಚೆಯನ್ನು ಓದುತ್ತಾ ಬಂದಂತೆ ನನಗೆ ಸ್ಪಷ್ಟವಾದದ್ದೆಂದರೆ, ಪ್ರಶ್ನೆ ಅಧಿಕಾರ ಇರಬೇಕೇ ಬೇಡವೇ ಎಂಬುದಕ್ಕಿಂತ, ಸದನ ಏನನ್ನೂ ಮಾಡದೆ ಸುಮ್ಮನಿದ್ದರೆ ಆ ಅಧಿಕಾರ ಮುಂದುವರಿಯಬೇಕೇ ಮುಗಿಯಬೇಕೇ ಎಂಬಲ್ಲಿದೆ. ಅಮೆರಿಕದ 212(ಎಫ್) ಉಪವಿಧಿಯಲ್ಲಿ ಸದನ ಸುಮ್ಮನಿದ್ದರೆ ಅಧ್ಯಕ್ಷರ ಘೋಷಣೆ ಮುಂದುವರಿಯುತ್ತದೆ. ಅವರ ತುರ್ತುಸ್ಥಿತಿ ಕಾಯ್ದೆಯಲ್ಲೂ ಹಾಗೆಯೇ. ಮೌನವೇ ಸಮ್ಮತಿ, ವಿರೋಧಕ್ಕೆ ಮಾತ್ರ ಮೂರನೇ ಎರಡರಷ್ಟು ಮತ.

ಈ ವಿಷಯದಲ್ಲಿ ನಮ್ಮ ಸಂವಿಧಾನದ ಬಗ್ಗೆ ಹೆಮ್ಮೆಪಡಲು ಕಾರಣವಿದೆ. 1975ರ ತುರ್ತುಪರಿಸ್ಥಿತಿಯ ಕಹಿಯನ್ನು ಉಂಡ ಮೇಲೆ, 1978ರ 44ನೇ ತಿದ್ದುಪಡಿಯು ತುರ್ತುಪರಿಸ್ಥಿತಿ ಘೋಷಣೆಯ 352ನೇ ವಿಧಿಯನ್ನು ತಿರುಗಿಸಿ ಬರೆಯಿತು. ಘೋಷಣೆ ಹೊರಟ ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ, ಒಪ್ಪಿದರೂ ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಬೇಕು, ಲೋಕಸಭೆಯ ಹತ್ತನೇ ಒಂದರಷ್ಟು ಸದಸ್ಯರು ಕೇಳಿದರೆ ಅದನ್ನು ತಿರಸ್ಕರಿಸುವ ವಿಶೇಷ ಅಧಿವೇಶನ ಕರೆಯಬೇಕು. ಸುಗ್ರೀವಾಜ್ಞೆಯೂ ಸಂಸತ್ತು ಮತ್ತೆ ಸೇರಿದ ಆರು ವಾರಗಳಲ್ಲಿ ಮುಗಿಯುತ್ತದೆ. ಇಲ್ಲಿ ಬಹುಮತ ಹೊಂದಿಸುವ ಹೊರೆ ಸರ್ಕಾರದ ಮೇಲಿದೆ. ಅಮೆರಿಕದಲ್ಲಿ ಇಂಥದ್ದನ್ನು ತರುವ ಪ್ರಯತ್ನಗಳು ನಡೆದಿವೆ: 2019ರಲ್ಲಿ ಸೆನೆಟರ್ ಮೈಕ್ ಲೀ ಮಂಡಿಸಿದ ಮಸೂದೆಯ ಪ್ರಕಾರ, ಕಾಂಗ್ರೆಸ್ ಒಪ್ಪದಿದ್ದರೆ ತುರ್ತುಸ್ಥಿತಿ ಮೂವತ್ತು ದಿನಕ್ಕೆ ಕೊನೆಗೊಳ್ಳಬೇಕಿತ್ತು. ಪ್ರವೇಶ ನಿಷೇಧದ ಅಧಿಕಾರಕ್ಕೆ ಕಡಿವಾಣ ಹಾಕುವ ಇನ್ನೊಂದು ಮಸೂದೆಯನ್ನು ಜನಪ್ರತಿನಿಧಿ ಸಭೆ 2021ರ ಏಪ್ರಿಲ್‌ನಲ್ಲಿ ಅಂಗೀಕರಿಸಿತ್ತು. ಎರಡೂ ಕಾನೂನಾಗಲಿಲ್ಲ. ಒಂದು ಲಕ್ಷ ಡಾಲರ್ ಘೋಷಣೆಯ ವಿರುದ್ಧ ಅಮೆರಿಕದ ವಾಣಿಜ್ಯ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ, 2025ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪು ಕೊಟ್ಟಾಗ, ಕಾಂಗ್ರೆಸ್ಸೇ ಅಷ್ಟು ವಿಶಾಲವಾದ ಅಧಿಕಾರ ಕೊಟ್ಟಿದೆಯೆಂಬುದೇ ಅದರ ಮುಖ್ಯ ಆಧಾರವಾಗಿತ್ತು.

ಸಚಿವಾಲಯ ನಿವೃತ್ತ:

ಓದುಗರು ಹೇಳಿದ ತತ್ತ್ವ ನಮ್ಮ ತುರ್ತುಪರಿಸ್ಥಿತಿಯ ವಿಧಿಯಲ್ಲಿದೆ, ಆದರೆ ನಮ್ಮ ದಿನನಿತ್ಯದ ಕಾಯ್ದೆಗಳಲ್ಲಿ ಇಲ್ಲ. ಬಹುತೇಕ ಕೇಂದ್ರ ಕಾಯ್ದೆಗಳ ಕೊನೆಯಲ್ಲಿ ಒಂದೇ ಅಚ್ಚಿನ ಖಂಡವಿರುತ್ತದೆ: ನಿಯಮವನ್ನು ಸದನದ ಮುಂದೆ ಮೂವತ್ತು ದಿನ ಇಡತಕ್ಕದ್ದು, ಎರಡೂ ಸದನಗಳು ಒಪ್ಪಿ ಮಾರ್ಪಡಿಸಿದರೆ ಅಥವಾ ರದ್ದುಮಾಡಿದರೆ ಅದರಂತೆ, ಇಲ್ಲವಾದರೆ ನಿಯಮ ಹಾಗೆಯೇ ಮುಂದುವರಿಯುತ್ತದೆ. ಸದನದ ಮೇಜಿನ ಮೇಲಿಟ್ಟ ಕಾಗದಗಳ ಕಟ್ಟನ್ನು ಎಷ್ಟು ಸದಸ್ಯರು ಬಿಚ್ಚಿ ನೋಡುತ್ತಾರೆಂಬುದನ್ನು ನನ್ನ ಸೇವಾವಧಿಯುದ್ದಕ್ಕೂ ನೋಡಿದ್ದೇನೆ.

ಇದನ್ನು ಬದಲಿಸಲು ಕೈಗೆಟುಕುವ ಒಂದು ಅವಕಾಶವಿದೆ. 1983ರ ವಲಸೆ ಹೋಗುವವರ ಕಾಯ್ದೆಯ ಬದಲಿಗೆ ಸಾಗರೋತ್ತರ ಸಂಚಾರ ಮತ್ತು ಕಲ್ಯಾಣದ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗುವ ಕಾರ್ಮಿಕರಿಂದ ಹಿಡಿದು ಈ ಊರಿನ ದಾದಿಯರವರೆಗೆ ಎಲ್ಲರಿಗೂ ಸಂಬಂಧಿಸಿದ ವಿಷಯ ಅದು. ಬೆಂಗಳೂರಿನ ನಾಲ್ವರು ಲೋಕಸಭಾ ಸದಸ್ಯರಿಗೆ, ಪಕ್ಷ ಯಾವುದೇ ಇರಲಿ, ನಾವು ಇಲ್ಲಿಂದಲೇ ಒಂದು ಮನವಿ ಕಳುಹಿಸಬಹುದು. ಅದರಲ್ಲಿ ಎರಡೇ ಕೋರಿಕೆಗಳಿರಲಿ ಎಂದು ನನ್ನ ಸಲಹೆ. ಮಸೂದೆಯನ್ನು ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಗೆ ಒಪ್ಪಿಸಬೇಕು ಎಂಬುದು ಮೊದಲನೆಯದು. ಯಾವುದಾದರೂ ದೇಶಕ್ಕೆ ಅಥವಾ ವರ್ಗಕ್ಕೆ ಹೋಗುವುದನ್ನು ನಿರ್ಬಂಧಿಸುವ ಇಲ್ಲವೇ ವಿನಾಯಿತಿ ಕೊಡುವ ಪ್ರತಿಯೊಂದು ಆದೇಶವೂ, ಸಂಸತ್ತು ಮತ್ತೆ ಸೇರಿದ ಆರು ವಾರಗಳೊಳಗೆ ಎರಡೂ ಸದನಗಳ ಅನುಮೋದನೆ ಪಡೆಯದಿದ್ದರೆ ಜಾರಿಯಲ್ಲಿ ಇರತಕ್ಕದ್ದಲ್ಲ ಎಂಬ ಖಂಡವನ್ನು ಸೇರಿಸಬೇಕು ಎಂಬುದು ಎರಡನೆಯದು.

ಹನುಮಂತನಗರ ವಕೀಲೆ:

ಎರಡನೆಯ ಕೋರಿಕೆಯ ಖಂಡವನ್ನು ಕಾಯ್ದೆಯ ಭಾಷೆಯಲ್ಲಿ ಬರೆದುಕೊಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಉದ್ಯಮಿಯವರ ಆತಂಕಕ್ಕೆ ಉತ್ತರವಾಗಿ, ಆದೇಶ ಹೊರಟ ದಿನದಿಂದಲೇ ಜಾರಿಗೆ ಬರುತ್ತದೆ ಮತ್ತು ಅನುಮೋದನೆ ಸಿಗದೆ ಬಿದ್ದುಹೋದರೂ ಅಲ್ಲಿಯವರೆಗೆ ಅದರ ಅಡಿಯಲ್ಲಿ ಮಾಡಿದ ಕಾರ್ಯಗಳು ಸಿಂಧುವಾಗಿರುತ್ತವೆ ಎಂಬುದನ್ನೂ ಅದರಲ್ಲಿ ಸೇರಿಸುತ್ತೇನೆ. ಭಾನುವಾರದೊಳಗೆ ಕರಡನ್ನು ಇಲ್ಲಿ ಹಾಕುತ್ತೇನೆ; ಉದ್ಯಮಿಯವರೂ ನಿವೃತ್ತ ಸರ್ ಅವರೂ ಅದನ್ನು ಸಾಲುಸಾಲಾಗಿ ಓದಿ ತಿದ್ದಬೇಕು.